ಬೆಳಕು ವಿನ್ಯಾಸಕನ ಕಾಗದಪತ್ರ

ನಾಟಕಕ್ಕೆ ಬೆಳಕು ಮಾಡುವುದನ್ನು ನಾನು ಹಿರಿಯರ ಜೊತೆ ಏಣಿ ಹತ್ತಿಯೇ ಕಲಿತೆ. ಯಾವ ಕೋನದಿಂದ ಬಿದ್ದ ಬೆಳಕು ಮುಖವನ್ನು ತೋರಿಸುತ್ತದೆ, ಯಾವುದು ಕಣ್ಣುಗಳನ್ನು ನೆರಳಿಗೆ ತಳ್ಳುತ್ತದೆ ಎಂಬುದನ್ನೆಲ್ಲ ಅವರು ಕೈಹಿಡಿದು ತೋರಿಸಿದರು. ಬರವಣಿಗೆಯನ್ನು ಮಾತ್ರ ಯಾರೂ ಕಲಿಸಲಿಲ್ಲ. ಊರೂರಿಗೆ ಹೋಗುವ ತಂಡವೊಂದರ ಬೆಳಕಿನ ಹೊಣೆ ನನ್ನ ಮೇಲೆ ಬಂದಾಗ, ಕೆಲಸದ ದೊಡ್ಡ ಪಾಲು ಪ್ರದರ್ಶನಕ್ಕೆ ವಾರಗಳ ಮೊದಲೇ ಕಾಗದದ ಮೇಲೆ ನಡೆಯಬೇಕೆಂಬುದು ತಿಳಿಯಿತು. ಆತಿಥೇಯರಿಗೆ ಪತ್ರ, ನಿರ್ದೇಶಕರಿಗೆ ಟಿಪ್ಪಣಿ, ದೀಪ ನಿರ್ವಹಿಸುವವರಿಗೆ ಕ್ಯೂ ಶೀಟ್ (ಯಾವಾಗ ಯಾವ ದೀಪವನ್ನು ಏನು ಮಾಡಬೇಕೆಂಬ ಪಟ್ಟಿ), ಅನುದಾನಕ್ಕೆ ಅರ್ಜಿ, ಇವು ಬೆಳಕಿನ ವಿನ್ಯಾಸದಷ್ಟೇ ಗಮನ ಬೇಡುವ ಕೆಲಸಗಳು ಎಂದು ನಾನು ನಂಬುತ್ತೇನೆ.

ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲೋ ರಂಗಶಂಕರದಲ್ಲೋ ಪ್ರದರ್ಶನವಿದ್ದರೆ ವೇದಿಕೆಯ ಅಳತೆಯನ್ನೂ ದೀಪ ಕಟ್ಟುವ ವ್ಯವಸ್ಥೆಯನ್ನೂ ಮೊದಲೇ ತಿಳಿದುಕೊಂಡು ಹೋಗಬಹುದು. ಆದರೆ ಹೆಗ್ಗೋಡಿನ ನೀನಾಸಂ ಸಂಸ್ಥೆಯ ಊರೂರು ತಿರುಗುವ ನಾಟಕ ತಂಡವಾದ ತಿರುಗಾಟವು 1985ರಲ್ಲಿ ಆರಂಭವಾದಂದಿನಿಂದ ಕರ್ನಾಟಕದಲ್ಲಿ ಬೆಳೆದುಬಂದ ಸಂಚಾರಿ ನಾಟಕದ ದಾರಿ ಹೈಸ್ಕೂಲ್ ಮೈದಾನ, ಕಲ್ಯಾಣ ಮಂಟಪ, ಪುರಭವನಗಳ ಮೂಲಕವೂ ಹಾದುಹೋಗುತ್ತದೆ. ಅಲ್ಲಿ ನಮ್ಮ ಪತ್ರವನ್ನು ಓದುವವರು ಕನ್ನಡ ಮೇಷ್ಟರೋ ಯುವಕ ಸಂಘದ ಕಾರ್ಯದರ್ಶಿಯೋ ಆಗಿರುತ್ತಾರೆ. ಓದಿದ ಮೇಲೆ ಅವರು ಅದನ್ನು ಊರಿನ ವೈರಿಂಗ್ ಕೆಲಸದವರ ಕೈಗೆ ಕೊಡುತ್ತಾರೆ. ಹಾಗಾಗಿ ಆ ಪತ್ರಕ್ಕೆ ಇಬ್ಬರು ಓದುಗರು. ಮೇಷ್ಟರಿಗೆ ಗೌರವ ಕಾಣಬೇಕು, ವೈರಿಂಗ್‌ನವರಿಗೆ ಲೆಕ್ಕ ಕಾಣಬೇಕು.

ಆದ್ದರಿಂದ ಪತ್ರವನ್ನು ಎರಡು ಹಾಳೆ ಮಾಡಿದೆ. ಮೊದಲನೆಯದು ‘ಮಾನ್ಯರೇ’ ಎಂದು ಆರಂಭವಾಗಿ, ತಂಡ ಯಾವಾಗ ಬರುತ್ತದೆ, ವೇದಿಕೆ ಎಷ್ಟು ಹೊತ್ತಿಗೆ ಖಾಲಿಯಾಗಿರಬೇಕು, ಯಾರನ್ನು ಕೇಳಬೇಕು ಎಂಬಲ್ಲಿಗೆ ಮುಗಿಯುತ್ತದೆ. ಎರಡನೆಯದು ಪೂರ್ತಿ ವಿದ್ಯುತ್ತಿನದು. ‘ಉತ್ತಮ ವಿದ್ಯುತ್ ವ್ಯವಸ್ಥೆ ಇರಲಿ’ ಎಂದು ಬರೆದರೆ ಎಲ್ಲರೂ ಇದೆ ಎಂದೇ ಉತ್ತರಿಸುತ್ತಾರೆ, ಮತ್ತು ಅವರ ಮಟ್ಟಿಗೆ ಅದು ನಿಜವೂ ಹೌದು. ಅದರ ಬದಲು ಹೀಗೆ ಬರೆಯುತ್ತೇನೆ: ‘ನಮ್ಮಲ್ಲಿ ತಲಾ 1000 ವ್ಯಾಟ್‌ನ 12 ದೀಪಗಳಿವೆ. ಎಲ್ಲವೂ ಒಟ್ಟಿಗೆ ಉರಿದಾಗ 12 ಕಿಲೋವ್ಯಾಟ್ ಆಗುತ್ತದೆ. ಒಂದೇ ಫೇಸಿನಿಂದ ತೆಗೆದುಕೊಂಡರೆ ಸುಮಾರು 52 ಆಂಪಿಯರ್ ಬೇಕು; ಮೂರು ಫೇಸಿಗೆ ಸಮನಾಗಿ ಹಂಚಿದರೆ ಒಂದೊಂದಕ್ಕೆ ಸುಮಾರು 17 ಆಂಪಿಯರ್ ಸಾಕು.’ ಇದರ ಕೆಳಗೆ ಪ್ರಶ್ನೆಗಳು ಬರುತ್ತವೆ: ಮೂರು ಫೇಸ್ ಸಂಪರ್ಕ ಇದೆಯೇ? ಮೇನ್ ಸ್ವಿಚ್ ವೇದಿಕೆಯಿಂದ ಎಷ್ಟು ಅಡಿ ದೂರದಲ್ಲಿದೆ? ಧ್ವನಿವರ್ಧಕಕ್ಕೂ ಅದೇ ಲೈನಿನಿಂದ ಕರೆಂಟ್ ಕೊಡುತ್ತೀರಾ? (ಕೊಟ್ಟರೆ, ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಡಿಮ್ಮರ್ ಏರಿಳಿಯುವಾಗ ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದು ಬರಬಹುದು.) ಪ್ರತಿಯೊಂದು ಪ್ರಶ್ನೆಗೂ ಹೌದು, ಇಲ್ಲ ಅಥವಾ ಒಂದು ಸಂಖ್ಯೆಯಲ್ಲಿ ಉತ್ತರಿಸುವಂತಿರಬೇಕು, ಉತ್ತರಕ್ಕೆ ಪಕ್ಕದಲ್ಲೇ ಜಾಗ ಬಿಟ್ಟಿರಬೇಕು. ಕಾರಣವನ್ನು ಒಂದು ಸಾಲಿನಲ್ಲಿ ತಿಳಿಸಿದರೆ ಜನ ಎಷ್ಟು ಮುತುವರ್ಜಿಯಿಂದ ಅಳತೆ ತೆಗೆದು ಕಳುಹಿಸುತ್ತಾರೆಂಬುದನ್ನು ಕಂಡು ನನಗೆ ಬರವಣಿಗೆಯ ಮೇಲೆ ವಿಶ್ವಾಸ ಹುಟ್ಟಿತು.

ಎಡ ಬಲದ ವಿಷಯವನ್ನೂ ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು. ನಟರ ಬಲಗೈ ಕಡೆ ಪ್ರೇಕ್ಷಕರಿಗೆ ಎಡವಾಗುತ್ತದೆ. ನಾನು ಪ್ರತಿ ಹಾಳೆಯ ತಲೆಯಲ್ಲೂ ‘ಎಡ, ಬಲ ಎಂದರೆ ನಟ ಪ್ರೇಕ್ಷಕರತ್ತ ಮುಖಮಾಡಿ ನಿಂತಾಗಿನ ಎಡ, ಬಲ’ ಎಂದು ಬರೆಯುತ್ತೇನೆ.

ಕ್ಯೂ ಶೀಟ್‌ನ ಓದುಗರು ಕತ್ತಲಲ್ಲಿ ಕುಳಿತಿರುತ್ತಾರೆ, ಒಂದು ಕೈ ಡಿಮ್ಮರಿನ ಮೇಲಿರುತ್ತದೆ, ಕಣ್ಣು ವೇದಿಕೆಯ ಮೇಲಿರುತ್ತದೆ. ಅವರಿಗೆ ಬರೆಯುವಾಗ ಸಂದರ್ಭ ಮೊದಲು, ದೀಪ ಆಮೇಲೆ, ಮಾಡಬೇಕಾದ್ದು ಕೊನೆಗೆ ಬರಬೇಕು. ‘ತಾಯಿ ಬಾಗಿಲು ಹಾಕಿದ ಕೂಡಲೇ, ಎಡಗಡೆಯ ಕಿಟಕಿ ಬೆಳಕನ್ನು 70ರಿಂದ 30ಕ್ಕೆ, ಎಂಟು ಎಣಿಸುವಷ್ಟು ಹೊತ್ತಿನಲ್ಲಿ ಇಳಿಸುವುದು.’ ಇದು ಕನ್ನಡ ವಾಕ್ಯದ ಸಹಜ ನಡೆಯೇ ಆದ್ದರಿಂದ, ಇಂಗ್ಲಿಷಿನ ನಮೂನೆಯ ಕ್ಯೂ ಶೀಟನ್ನು ಬಿಟ್ಟು ಕನ್ನಡದಲ್ಲೇ ಬರೆಯತೊಡಗಿದ ಮೇಲೆ ಹೊಸಬರಿಗೆ ಹೇಳಿಕೊಡುವುದು ಸುಲಭವಾಯಿತು. ಸಾಲಿಗೆ ಒಂದೇ ಕ್ರಿಯೆ, ದಪ್ಪ ಅಕ್ಷರ, ಎರಡು ಕ್ಯೂಗಳ ನಡುವೆ ಧಾರಾಳ ಜಾಗ. ಹೇಳಬೇಕಾದದ್ದು ಇಷ್ಟೇ.

ನಿರ್ದೇಶಕರೊಂದಿಗಿನ ಬರವಣಿಗೆ ಇದಕ್ಕಿಂತ ಸೂಕ್ಷ್ಮವಾದದ್ದು. ಅವರು ‘ಇಲ್ಲಿ ಸಂಜೆಯ ಹಾಗಿರಲಿ’ ಎನ್ನುತ್ತಾರೆ. ಮಲೆನಾಡಿನ ಮಳೆಗಾಲದ ಸಂಜೆ ಬೇರೆ, ಬಯಲುಸೀಮೆಯ ಬೇಸಿಗೆಯ ಸಂಜೆ ಬೇರೆ. ತಾಲೀಮು ಮುಗಿದ ರಾತ್ರಿಯೇ ನಾನು ಅವರಿಗೆ ಚಿಕ್ಕ ಟಿಪ್ಪಣಿ ಕಳುಹಿಸುವ ರೂಢಿ ಮಾಡಿಕೊಂಡೆ: ‘ಸರ್, ನಾನು ಅರ್ಥ ಮಾಡಿಕೊಂಡದ್ದು ಹೀಗೆ: ಬೆಳಕು ಬಲಗಡೆಯಿಂದ, ತಗ್ಗಿನಲ್ಲಿ ಬರುತ್ತದೆ. ಬಣ್ಣ ತಿಳಿ ಕೇಸರಿ. ಅಜ್ಜಿಯ ಮುಖದ ಒಂದು ಪಾರ್ಶ್ವ ಮಾತ್ರ ಕಾಣುತ್ತದೆ. ಆಕೆಯ ಕೊನೆಯ ಮಾತಿನ ಹೊತ್ತಿಗೆ ಮುಖ ಪೂರ್ತಿ ಕಾಣಬೇಕೇ, ಬೇಡವೇ ಎಂಬುದನ್ನು ತಾವು ತಿಳಿಸಬೇಕು.’ ದಿಕ್ಕು, ತೀವ್ರತೆ, ಬಣ್ಣ, ಅವಧಿ ಎಂಬ ನಾಲ್ಕರಲ್ಲಿ ಹೇಳಿದಾಗ ಚರ್ಚೆಗೆ ನಿಲ್ಲಲು ನೆಲ ಸಿಗುತ್ತದೆ. ಒಪ್ಪಿಗೆಯಿಲ್ಲದಿದ್ದಾಗಲೂ ‘ನನಗೆ ಸರಿಕಾಣುವುದಿಲ್ಲ’ ಎಂದು ಬರೆಯುವುದಕ್ಕಿಂತ ‘ಹಿಂದಿನ ಸಾಲಿನಲ್ಲಿ ಕುಳಿತವರಿಗೆ ಕೈಯಲ್ಲಿರುವ ಪತ್ರ ಕಾಣುವುದಿಲ್ಲ’ ಎಂದು ಬರೆದರೆ ಇಬ್ಬರೂ ನಾಟಕದ ಬಗ್ಗೆಯೇ ಮಾತನಾಡುತ್ತೇವೆ. ಫೋನಿನಲ್ಲಿ ತೀರ್ಮಾನವಾದದ್ದನ್ನೂ ಅದೇ ದಿನ ಬರೆದು ಕಳುಹಿಸುತ್ತೇನೆ. ಸಂಭಾವನೆ ಮತ್ತು ದೀಪಗಳ ಬಾಡಿಗೆಯನ್ನು ಬೇರೆ ಬೇರೆ ಸಾಲಿನಲ್ಲಿ ಕಾಣಿಸುತ್ತೇನೆ, ಏಕೆಂದರೆ ಎರಡನ್ನೂ ಒಂದೇ ಮೊತ್ತ ಮಾಡಿದರೆ ಚೌಕಾಸಿಯಲ್ಲಿ ಮೊದಲು ಕರಗುವುದು ವಿನ್ಯಾಸದ ಸಂಭಾವನೆ.

ಅನುದಾನದ ಅರ್ಜಿ ಬರೆಯಲು ನನಗೆ ಹೆಚ್ಚು ಕಾಲ ಬೇಕಾಯಿತು. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ 1993ರಲ್ಲಿ ಸ್ಥಾಪನೆಯಾದ ಸಂಸ್ಥೆ, ಭಾರತೀಯ ಭಾಷೆಗಳಲ್ಲಿ ಬರೆದ ಅರ್ಜಿಗಳನ್ನೂ ಅದು ಸ್ವೀಕರಿಸುತ್ತದೆ ಎಂಬುದು ನನ್ನಂಥವರಿಗೆ ದೊಡ್ಡ ಆಸರೆ. ದೊಂದಿಯಿಂದ ಗ್ಯಾಸ್‌ಲೈಟಿಗೆ, ಅಲ್ಲಿಂದ ವಿದ್ಯುತ್ ದೀಪಕ್ಕೆ ಬಂದಂತೆ ಯಕ್ಷಗಾನದ ಮುಖವರ್ಣಿಕೆ ಹೇಗೆ ಬದಲಾಯಿತೆಂಬುದನ್ನು ಹಿರಿಯ ಕಲಾವಿದರಿಂದ ಕೇಳಿ ದಾಖಲಿಸಬೇಕೆಂಬ ಯೋಜನೆಯನ್ನು ಕನ್ನಡದಲ್ಲೇ ಬರೆದೆ. ‘ಭವ್ಯ ಪರಂಪರೆ’ ಎಂಬಂಥ ಮಾತು ಇಂಥ ಅರ್ಜಿಯಲ್ಲಿ ಏನನ್ನೂ ತಿಳಿಸುವುದಿಲ್ಲ. ಯಾರನ್ನು ಭೇಟಿ ಮಾಡುತ್ತೇನೆ, ಏನು ಕೇಳುತ್ತೇನೆ, ದೊಂದಿ ಬೆಳಕಿನಲ್ಲಿ ಅದೇ ವೇಷವನ್ನು ಮತ್ತೆ ನೋಡಿದರೆ ಏನು ತಿಳಿಯಬಹುದು ಎಂಬುದನ್ನು ಹೇಳಿದಾಗ ಮಾತ್ರ ಓದುವವರಿಗೆ ಕೆಲಸ ಕಣ್ಣಿಗೆ ಕಟ್ಟುತ್ತದೆ. ಬರೆಯುತ್ತಾ ಹೋದಂತೆ ಪ್ರಶ್ನೆಗಳು ನನಗೂ ಸ್ಪಷ್ಟವಾದವು. ಬಜೆಟ್ಟಿನಲ್ಲೂ ‘ಪ್ರಯಾಣ’ ಎಂದಷ್ಟೇ ಬರೆಯದೆ, ಯಾವ ಊರಿಗೆ, ಯಾರನ್ನು ಕಾಣಲು ಎಂದು ಬರೆದೆ.

ಈಗ ಪ್ರದರ್ಶನ ಮುಗಿದು ದೀಪಗಳನ್ನು ಇಳಿಸಿದ ಮೇಲೆ ಇನ್ನೊಂದು ಹಾಳೆ ಬರೆಯುತ್ತೇನೆ. ವೇದಿಕೆಯ ಅಗಲ, ಆಳ, ಎತ್ತರ, ಮೇನ್ ಸ್ವಿಚ್ ಇರುವ ಜಾಗ, ದೀಪ ಕಟ್ಟಲು ತಡೆದುಕೊಳ್ಳುವ ಕಂಬ ಯಾವುದು, ತಡೆದುಕೊಳ್ಳದ್ದು ಯಾವುದು ಎಂಬ ವಿವರಗಳನ್ನು ತುಂಬಿ, ಒಂದು ಪ್ರತಿಯನ್ನು ಸಂಘದವರಿಗೆ ಕೊಡುತ್ತೇನೆ. ಮುಂದೆ ಯಾವ ತಂಡ ಕೇಳಿದರೂ ಅವರು ಅದನ್ನೇ ಕಳುಹಿಸಬಹುದು.