ಲಾ ಯೊರೊನಾ: ದೆವ್ವದ ಹೆಸರಿನ ಪ್ರೇಮಗೀತೆ ಕಲಿತದ್ದು

ಮೆಕ್ಸಿಕೋದಲ್ಲಿ ಕತ್ತಲಾದ ಮೇಲೆ ಮಕ್ಕಳು ಹೊಳೆ, ಕಾಲುವೆ ಕಡೆ ಹೋಗದಂತೆ ತಡೆಯಲು ಒಂದು ಹೆಸರು ಸಾಕು. ಲಾ ಯೊರೊನಾ. ಕಟ್ಟಿಕೊಂಡವನು ಕೈಬಿಟ್ಟ ಅಂತ ಹೆತ್ತ ಮಕ್ಕಳನ್ನೇ ನೀರಿನಲ್ಲಿ ಮುಳುಗಿಸಿ, ಆಮೇಲೆ "ಅಯ್ಯೋ ನನ್ನ ಮಕ್ಕಳೇ" ಅಂತ ದಡದಲ್ಲಿ ಅಳುತ್ತಾ ಅಲೆಯುವವಳು. ಅದೇ ಹೆಸರಿನ ಹಾಡನ್ನು ನಾನು ಗಿಟಾರ್ ಹಿಡಿದು ಕಲಿತೆ, ಸ್ಪ್ಯಾನಿಷ್ ಅಷ್ಟಕ್ಕಷ್ಟೇ ಬಂದರೂ.

ಮೊದಲೇ ಹೇಳಿಬಿಡುತ್ತೇನೆ, ಹಾಡಿನಲ್ಲಿ ಈ ಕಥೆ ಇಲ್ಲ. ಮುಳುಗಿದ ಮಕ್ಕಳೂ ಇಲ್ಲ, ಕೊಲೆಯೂ ಇಲ್ಲ. ಅದು ಒವಾಹಾಕಾ ರಾಜ್ಯದ ತೆಹುವಾಂತೆಪೆಕ್ ಭೂಸಂಧಿಯ ಕಡೆಯ ಪ್ರೇಮಗೀತೆ. ನಾಲ್ಕು ನಾಲ್ಕು ಸಾಲಿನ ನುಡಿಗಳು ಲೆಕ್ಕವಿಲ್ಲದಷ್ಟಿವೆ, ಆ ಕಡೆಯ ಕವಿ ಆಂದ್ರೆಸ್ ಎನೆಸ್ತ್ರೋಸಾ ಕೂಡ ಕೆಲವನ್ನು ಸೇರಿಸಿ 1940ರ ದಶಕದಲ್ಲಿ ಹಾಡನ್ನು ಹೊರಗಿನವರಿಗೆ ಪರಿಚಯ ಮಾಡಿದರು. ಯಾವ ನುಡಿ ಹಾಡಬೇಕು, ಯಾವುದರ ನಂತರ ಯಾವುದು, ಎಲ್ಲ ಹಾಡುವವರ ಇಷ್ಟ.

ನಾನು ಶುರು ಮಾಡಿದ್ದು ಗುಡಿಯಿಂದ ಹೊರಬರುವ ಹುಡುಗಿಯ ನುಡಿಯಿಂದ. ಚರ್ಚಿನಿಂದ ಬರುತ್ತಿದ್ದಳು, ಚೆಂದದ ಉಯ್ಪೀಲ್ ತೊಟ್ಟಿದ್ದಳು (ಅಲ್ಲಿನ ಹೆಂಗಸರ ಕಸೂತಿ ರವಿಕೆ), ಮೇರಿ ಮಾತೆಯೇ ಅಂದುಕೊಂಡೆ ಅಂತ. ಸಾಲಿಗೆ ಎಂಟು ಉಚ್ಚಾರಾಂಶ (ಸಿಲಬಲ್). "ಸಾಲೀಯಾಸ್ ದೆಲ್ ತೆಂಪ್ಲೋ ಉನ್ ದೀಯಾ" ಅಂತ ಬಿಡಿಸಿ ಓದಿದರೆ ಒಂಬತ್ತಾಗುತ್ತದೆ, ತಾಳ ಜಾರುತ್ತದೆ. ಅಲ್ಲಿ "ಪ್ಲೋ" ಮತ್ತು "ಉನ್" ಒಂದೇ ಉಸಿರಿನಲ್ಲಿ "ಪ್ಲೋಉನ್" ಅಂತ ಕೂಡಿಕೊಳ್ಳಬೇಕು. ಒಂದು ಪದ ಸ್ವರಾಕ್ಷರದಲ್ಲಿ ಮುಗಿದು ಮುಂದಿನ ಪದ ಸ್ವರಾಕ್ಷರದಿಂದ ಶುರುವಾದರೆ ಸಾಮಾನ್ಯವಾಗಿ ಹೀಗೇ. ನಾನು ಪೆನ್ಸಿಲ್‌ನಲ್ಲಿ ಅಂಥ ಜೋಡಿಗಳ ಕೆಳಗೆ ಕಮಾನು ಎಳೆದುಕೊಂಡು, ಗಿಟಾರ್ ಪಕ್ಕಕ್ಕಿಟ್ಟು, ಬರೀ ಚಪ್ಪಾಳೆ ಹಾಕಿಕೊಂಡು ಓದಿದೆ. "ಯೊರೊನಾ" ಅನ್ನುವ ಕರೆ ಈ ಎಂಟರ ಲೆಕ್ಕಕ್ಕೆ ಸೇರುವುದಿಲ್ಲ. ಅದು ಸಾಲಿನ ಬಾಲಕ್ಕೆ ಅಂಟಿಕೊಂಡು ಬರುತ್ತದೆ, ಅದನ್ನು ಎಷ್ಟು ಎಳೆಯಬೇಕು ಅನ್ನುವುದರಲ್ಲೇ ಹಾಡಿನ ಜೀವ ಇರುವುದು. ಕಿರುಚಿದರೆ ಸತ್ತೇ ಹೋಯಿತು.

ಬಡಿತ ಮೂರರದು. ಮೊದಲನೆಯದಕ್ಕೆ ಹೆಬ್ಬೆರಳಿನಿಂದ ದಪ್ಪ ತಂತಿ, ಉಳಿದೆರಡಕ್ಕೆ ಬೆರಳುಗಳಿಂದ ಸಣ್ಣ ತಂತಿಗಳು. ನಾನು ನುಡಿಸುವ ಕಾರ್ಡ್‌ಗಳು (ಒಟ್ಟಿಗೆ ಮಿಡಿಯುವ ಸ್ವರಗುಚ್ಛಗಳು) ಎ ಮೈನರ್, ಡಿ ಮೈನರ್, ಇ ಸೆವೆನ್. ಕೊನೆಯ ಭಾಗದಲ್ಲಿ ಎ ಮೈನರ್‌ನಿಂದ ಜಿ, ಎಫ್, ಇ ಅಂತ ಮೆಟ್ಟಿಲಿಳಿಯುತ್ತೇನೆ. ಕರ್ನಾಟಕ ಸಂಗೀತ ಕಲಿತವರಿಗೆ ಇಲ್ಲೊಂದು ಮಜಾ ಇದೆ. ಎ ಅನ್ನು ಷಡ್ಜ ಅಂತ ಇಟ್ಟುಕೊಳ್ಳಿ. ಇ ಸೆವೆನ್ ಬಂದಾಗ ಕಾಕಲಿ ನಿಷಾದ (ಮೇಲಿನ ನಿ) ಕೇಳಿ ಕೀರವಾಣಿ ರಾಗ ಅನಿಸುತ್ತದೆ, ಜಿ ಬಂದ ಕೂಡಲೇ ಕೈಶಿಕಿ ನಿಷಾದ (ತಗ್ಗಿನ ನಿ), ಅಂದರೆ ನಟಭೈರವಿ. ಹಾಗಂತ ಗಮಕ ಹಾಕಲು ಹೋಗಬೇಡಿ, ಸ್ವರಗಳು ನೆಟ್ಟಗೇ ನಿಲ್ಲಬೇಕು. ಫ್ರೆಟ್ (ಗಿಟಾರಿನ ಕತ್ತಿನ ಲೋಹದ ಪಟ್ಟಿ) ಮೇಲೆ ನಿಂತ ಗಿಟಾರ್ ಜೊತೆ ಅಲುಗಾಡುವ ನಿಷಾದ ಸುಮ್ನೆ ಅಪಶ್ರುತಿಯಾಗಿ ಕೇಳುತ್ತದೆ.

ಜಾಸ್ತಿ ಕೇಳಿದ್ದು ಗಾಯಕಿ ಚಾವೇಲಾ ವಾರ್ಗಾಸ್ ಅವರನ್ನು. 1919ರಲ್ಲಿ ಕೋಸ್ಟರಿಕಾದಲ್ಲಿ ಹುಟ್ಟಿ ಮೆಕ್ಸಿಕೋದವರೇ ಆಗಿಹೋದವರು. 2002ರ 'ಫ್ರೀಡಾ' ಚಿತ್ರದಲ್ಲಿ ಆ ಅಜ್ಜಿ ಈ ಹಾಡು ಹಾಡುವಾಗ ವಯಸ್ಸು 80 ದಾಟಿತ್ತು. ಸಾಲುಗಳ ನಡುವೆ ಅವರು ಬಿಡುವ ಮೌನ ನೋಡಿ, ಗಿಟಾರ್ ಸಹ ಕಾಯುತ್ತಿರುತ್ತದೆ. ಅದಕ್ಕೆ ಪೂರ್ತಿ ಉಲ್ಟಾ 2017ರ 'ಕೋಕೋ'. ಅಲ್ಲಿ ಇಮೆಲ್ಡಾ ಅಜ್ಜಿ ವೇದಿಕೆ ಮೇಲೆ ಸಿಕ್ಕಿಹಾಕಿಕೊಂಡು, ತಪ್ಪಿಸಿಕೊಳ್ಳಲು ಇದನ್ನೇ ಹಾಡುತ್ತಾಳೆ, ಜೋರಾಗಿ, ವಾದ್ಯವೃಂದದ ಜೊತೆ. ಲಯ ಗಟ್ಟಿ ಮಾಡಿಕೊಳ್ಳಲು ಅದು, ಭಾವಕ್ಕೆ ಚಾವೇಲಾ.

ದೆವ್ವದ ಸಿನಿಮಾಗಳನ್ನೂ ನೋಡಿದೆ. 1933ರಲ್ಲೇ ಇವಳ ಹೆಸರಿನ ಟಾಕಿ ಬಂದಿತ್ತು, ಮೆಕ್ಸಿಕೋದ ಮೊದಮೊದಲ ಹಾರರ್ ಟಾಕಿಗಳಲ್ಲಿ ಅದೂ ಒಂದು. 2019ರ ಹಾಲಿವುಡ್ ಚಿತ್ರ ಬೆಚ್ಚಿಬೀಳಿಸುವುದು ಬಿಟ್ಟು ಬೇರೇನೂ ಮಾಡುವುದಿಲ್ಲ. ಅದೇ ವರ್ಷ ಗ್ವಾಟೆಮಾಲಾದ ನಿರ್ದೇಶಕ ಹೈರೋ ಬುಸ್ತಾಮಾಂತೆ ಮಾಡಿದ 'ಲಾ ಯೊರೊನಾ' ನೋಡಿ. ಮಾಯಾ ಜನರ ನರಮೇಧದ ಆರೋಪ ಹೊತ್ತ ಮುದಿ ಜನರಲ್ ಮನೆಯೊಳಗಿದ್ದಾನೆ, ಹೊರಗೆ ಜನರ ಕೂಗು ನಿಲ್ಲುವುದೇ ಇಲ್ಲ, ಮನೆಗೆ ಹೊಸ ಕೆಲಸದವಳು ಬರುತ್ತಾಳೆ. ಇಲ್ಲಿ ಅಳುವವಳು ಮಕ್ಕಳನ್ನು ಕೊಂದವಳಲ್ಲ, ಕಳೆದುಕೊಂಡವಳು. ಅದನ್ನು ನೋಡಿದ ಮೇಲೆ ನಾನು ವೇಗ ಇಳಿಸಿದೆ, ಕೊನೆಯ ಕರೆಯನ್ನು ಗಿಟಾರ್ ಇಲ್ಲದೆ ಹಾಡಲು ಶುರು ಮಾಡಿದೆ.

ಈಗ ನನ್ನ ಕ್ರಮ ಇದು: ಗುಡಿಯ ನುಡಿ, ಆಮೇಲೆ "ಪ್ರಾಣ ಕೊಟ್ಟಾಯ್ತು, ಇನ್ನೇನು ಬೇಕು" ಅನ್ನುವುದು, ಕೊನೆಗೆ "ನಾನು ಹಸಿಮೆಣಸಿನಕಾಯಿ, ಖಾರ ಆದರೂ ರುಚಿ" ಅನ್ನುವ ತುಂಟ ನುಡಿ. ಎ ಮೈನರ್ ನನ್ನ ಗಂಟಲಿಗೆ ತಗ್ಗು, ಕೇಪೋ (ತಂತಿಗಳನ್ನೆಲ್ಲ ಒತ್ತಿ ಶ್ರುತಿ ಏರಿಸುವ ಕ್ಲಿಪ್) ಎರಡನೇ ಫ್ರೆಟ್‌ಗೆ ಹಾಕುತ್ತೇನೆ. ನಿಮ್ಮದು ಹಾಡಿ ನೋಡಿಕೊಂಡು ಹಾಕಿಕೊಳ್ಳಿ.