ಪೈಥಾನ್‌ನಲ್ಲಿ + ಚಿಹ್ನೆಯನ್ನು ನಿಮ್ಮ ಕ್ಲಾಸಿಗೆ ಒಗ್ಗಿಸುವುದು: ಡಾಕ್ಯುಮೆಂಟೇಶನ್ ಚದುರಿಸಿಟ್ಟ ನಿಯಮಗಳು

ಪೈಥಾನ್‌ನ ಅಧಿಕೃತ ಡಾಕ್ಯುಮೆಂಟೇಶನ್ ತಪ್ಪು ಹೇಳುವುದಿಲ್ಲ, ಆದರೆ ಬೇಕಾದ್ದನ್ನು ಒಂದೇ ಕಡೆ ಹೇಳುವುದಿಲ್ಲ. + ನಂಥ ಚಿಹ್ನೆ (ಆಪರೇಟರ್) ಬಂದಾಗ ಪೈಥಾನ್ ಕರೆಯುವ ಮೆಥಡ್‌ಗಳ ಪಟ್ಟಿ ಡೇಟಾ ಮಾಡೆಲ್ ಅಧ್ಯಾಯದಲ್ಲಿದೆ, ಬರೆಯುವ ಮಾದರಿ ನಂಬರ್ಸ್ ಮಾಡ್ಯೂಲ್‌ನ ಪುಟದಲ್ಲಿ, ಸಮ್ ಫಂಕ್ಷನ್ 0ಯಿಂದ ಕೂಡಲು ಶುರುಮಾಡುತ್ತದೆ ಎಂಬುದು ಬಿಲ್ಟ್‌ಇನ್ ಫಂಕ್ಷನ್‌ಗಳ ಪುಟದಲ್ಲಿ. ಜೋಡಿಸಿಕೊಳ್ಳುವ ಕೆಲಸ ಓದುಗರದ್ದು.

ಪೈಸೆಯನ್ನು ಇಂಟಿಜರ್ ಆಗಿ ಇಟ್ಟುಕೊಳ್ಳುವ 'ಹಣ' ಎಂಬ ಕ್ಲಾಸ್ ಇದೆ ಎನ್ನಿ. ಮೊದಲು + ಗಾಗಿ ಆಡ್ ಮೆಥಡ್ ಬರೆಯಿರಿ (ಇಂಥ ಎಲ್ಲ ಮೆಥಡ್‌ಗಳ ಹೆಸರಿನ ಹಿಂದೆ ಮುಂದೆ ಎರಡೆರಡು ಅಂಡರ್‌ಸ್ಕೋರ್ ಇರುತ್ತದೆ). ಎದುರಿನದೂ 'ಹಣ'ವೇ ಆಗಿದ್ದರೆ ಹೊಸ ಆಬ್ಜೆಕ್ಟ್ ರಿಟರ್ನ್ ಮಾಡಿ, ಹಳೆಯದನ್ನು ಮುಟ್ಟಬೇಡಿ. ಬೇರೇನಾದರೂ ಬಂದರೆ, 'ಈ ಲೆಕ್ಕ ನನಗೆ ಬಾರದು' ಎಂದು ಹೇಳುವ ನಾಟ್‌ಇಂಪ್ಲಿಮೆಂಟೆಡ್ ಎಂಬ ಮೌಲ್ಯವನ್ನು ರಿಟರ್ನ್ ಮಾಡಿ. ಹೆಚ್ಚಿನವರು ಎಡವುವುದು ಇಲ್ಲೇ: ಹೆಸರು ಹೋಲುತ್ತದೆಂದು ನಾಟ್‌ಇಂಪ್ಲಿಮೆಂಟೆಡ್‌ಎರರ್ ಅನ್ನು ರೈಸ್ ಮಾಡುತ್ತಾರೆ. ನಾಟ್‌ಇಂಪ್ಲಿಮೆಂಟೆಡ್ ಸಿಕ್ಕರೆ ಪೈಥಾನ್ ಬಲಗಡೆಯ ಆಬ್ಜೆಕ್ಟಿನ ಆರ್‌ಆಡ್ ಮೆಥಡ್ಡನ್ನು (ಆಬ್ಜೆಕ್ಟ್ + ನ ಬಲಗಡೆ ಇದ್ದಾಗಿನ ಆಡ್) ಕೇಳಿ ನೋಡುತ್ತದೆ. ಅಲ್ಲೂ ಆಗದಿದ್ದರೆ ತಾನೇ ಟೈಪ್‌ಎರರ್ ಕೊಡುತ್ತದೆ. ನೀವೇ ಎರರ್ ಎಸೆದರೆ ಆ ದಾರಿಯೇ ಮುಚ್ಚಿಹೋಗುತ್ತದೆ.

ಆರ್‌ಆಡ್ ಇಲ್ಲದಿದ್ದರೆ 'ಹಣ'ದ ಲಿಸ್ಟಿಗೆ ಸಮ್ ಹಾಕಿದ ಕೂಡಲೇ ಟೈಪ್‌ಎರರ್ ಬರುತ್ತದೆ, ಏಕೆಂದರೆ ಮೊದಲ ಲೆಕ್ಕವೇ 0 + ಹಣ. ಆರ್‌ಆಡ್ ಬರೆದು, ಎಡಗಡೆ 0 ಇದ್ದರೆ ಸೆಲ್ಫ್ ಅನ್ನೇ (ಅಂದರೆ ಆ 'ಹಣ'ವನ್ನೇ) ರಿಟರ್ನ್ ಮಾಡಿ. ಉಳಿದ ಇಂಟಿಜರ್‌ಗಳನ್ನು ಒಪ್ಪಬೇಡಿ. 5 ಎಂದರೆ ರೂಪಾಯಿಯೋ ಪೈಸೆಯೋ ಎಂದು ಕೋಡ್ ಊಹಿಸಬಾರದು.

ಒಂದು ಅಪವಾದ: ಬಲಗಡೆಯದು ಎಡಗಡೆಯ ಕ್ಲಾಸಿನ ಸಬ್‌ಕ್ಲಾಸ್ ಆಗಿದ್ದು, ಆರ್‌ಆಡ್ ಅನ್ನು ತನ್ನದೇ ರೀತಿಯಲ್ಲಿ ಬರೆದುಕೊಂಡಿದ್ದರೆ, ಅದಕ್ಕೇ ಮೊದಲ ಸರದಿ.

== ಗಾಗಿ ಈಕ್ಯೂ ಮೆಥಡ್ ಬರೆದ ಕ್ಷಣ ಆ ಕ್ಲಾಸಿನ ಹ್ಯಾಶ್ (ಸೆಟ್, ಡಿಕ್ಷನರಿಗಳಲ್ಲಿ ಆಬ್ಜೆಕ್ಟನ್ನು ಹುಡುಕಲು ಬಳಸುವ ಸಂಖ್ಯೆ ಕೊಡುವ ಮೆಥಡ್) ನನ್ (None, 'ಏನೂ ಇಲ್ಲ') ಆಗುತ್ತದೆ. ಆಬ್ಜೆಕ್ಟನ್ನು ಸೆಟ್‌ಗೆ ಹಾಕಲು, ಡಿಕ್ಷನರಿಯ ಕೀ ಮಾಡಲು ಬರುವುದಿಲ್ಲ. ಪೈಸೆ ಬದಲಾಗದಂತೆ ಕಟ್ಟಿದ್ದರೆ ಅದೇ ಪೈಸೆಯ ಮೇಲೆ ಹ್ಯಾಶ್ ಮೆಥಡ್ ಬರೆಯಿರಿ, ಬದಲಾಗುವಂತಿದ್ದರೆ ಬಿಟ್ಟುಬಿಡಿ. == ನಲ್ಲಿ ಎರಡೂ ಕಡೆ ನಾಟ್‌ಇಂಪ್ಲಿಮೆಂಟೆಡ್ ಬಂದರೆ ಎರರ್ ಬರುವುದಿಲ್ಲ, ಎರಡೂ ಒಂದೇ ಆಬ್ಜೆಕ್ಟೇ ಎಂದಷ್ಟೇ ಪೈಥಾನ್ ನೋಡುತ್ತದೆ. ಹಾಗಾಗಿ 'ಹಣ'ವನ್ನು 500ರ ಜೊತೆ ಹೋಲಿಸಿದ ತಪ್ಪು ಸದ್ದಿಲ್ಲದೆ ಫಾಲ್ಸ್ ಆಗಿ ಉಳಿದುಬಿಡುತ್ತದೆ.

+= ಗೆ ಐಆಡ್ ಎಂಬ ಬೇರೆ ಮೆಥಡ್ ಬೇಕಿಲ್ಲ, ಅದಿಲ್ಲದಿದ್ದರೆ ಆಡ್ ಸಾಕು. ಬರೆದರೆ ರಿಟರ್ನ್ ಮರೆಯಬೇಡಿ, ಇಲ್ಲವಾದರೆ ವೇರಿಯಬಲ್‌ನಲ್ಲಿ ನನ್ ಕೂರುತ್ತದೆ. ಇಂಥ ಯಾವ ಮೆಥಡ್ಡನ್ನೂ ಆಬ್ಜೆಕ್ಟಿಗೆ ಅಂಟಿಸಿ ಪ್ರಯೋಜನವಿಲ್ಲ. ಆಪರೇಟರ್‌ಗಾಗಿ ಪೈಥಾನ್ ಮೆಥಡ್ ಹುಡುಕುವುದು ಕ್ಲಾಸಿನಲ್ಲಿ ಮಾತ್ರ.