ನವರಂಗ ಕೂಗಿದಾಗ ನೆಲ ನೋಡಬೇಡಿ

ಮೇ ಕೊನೆಯಿಂದ ಜೂನ್ ಪೂರ್ತಿ, ಪನ್ವೇಲ್ ಆಚೆಯ ಕರ್ನಾಳಾ ಪಕ್ಷಿಧಾಮಕ್ಕೆ ಮುಂಬಯಿಯಿಂದ ಭಾನುವಾರ ಹೊರಡುವ ಗುಂಪುಗಳಿಗೆ ಬೇಕಾದದ್ದು ಒಂದೇ ಹಕ್ಕಿ, ನವರಂಗ. ಕನ್ನಡದಲ್ಲೂ ಮರಾಠಿಯಲ್ಲೂ ಹೆಸರು ಅದೇ. ಗೇಟಿನಲ್ಲಿ ವಿಚಾರಿಸಲು ಭಾಷೆ ಅಡ್ಡಿಯಾಗದು. ಕೂಗು ಎಲ್ಲರ ಕಿವಿಗೂ ಬೀಳುತ್ತದೆ, ಹಕ್ಕಿ ಮಾತ್ರ ಹೆಚ್ಚಿನವರಿಗೆ ಕಾಣುವುದಿಲ್ಲ.

ದುರ್ಬೀನು 8×42 ಇರಲಿ, ಅಂದರೆ 8 ಪಟ್ಟು ಹಿಗ್ಗಿಸುವ, ಮುಂದಿನ ಗಾಜು 42 ಮಿ.ಮೀ. ಅಗಲದ್ದು. ಮೋಡ ಕವಿದ ಕಾಡಿನಲ್ಲಿ 10×25ರ ಪುಟಾಣಿ ದುರ್ಬೀನು ಕತ್ತಲೆಯನ್ನೇ ದೊಡ್ಡದು ಮಾಡಿ ತೋರಿಸುತ್ತದೆ: ಅದರಿಂದ ಕಣ್ಣಿಗೆ ಬರುವ ಬೆಳಕಿನ ಬಿಲ್ಲೆ 2.5 ಮಿ.ಮೀ. ಅಗಲ, 8×42ರದ್ದು 5 ಮಿ.ಮೀ.ಗೂ ಹೆಚ್ಚು. ಅಗ್ಗದ ಜೂಮ್ ದುರ್ಬೀನಿನ ಹತ್ತಿರವೂ ಹೋಗಬೇಡಿ. ಏಸಿ ಕಾರಿನಿಂದ ಇಳಿದ ಕೂಡಲೇ ಗಾಜಿಗೆ ಮಂಜು ಹಿಡಿಯುತ್ತದೆ, ಹಾಗಾಗಿ ಹದಿನೈದು ನಿಮಿಷ ಮೊದಲೇ ಏಸಿ ಆರಿಸಿ ಕಿಟಕಿ ಇಳಿಸಿ. ನಡೆದಾಗ ಚರಚರ ಎನ್ನುವ ಪ್ಲಾಸ್ಟಿಕ್ ರೇನ್‌ಕೋಟ್ ಬೇಡ, ಕೊಡೆ ಸಾಕು.

ಬೆಳಗಾಗುತ್ತಲೇ ಒಳಗೆ ಹೋಗಿ, ಹೆದ್ದಾರಿಯ ಲಾರಿ ಸದ್ದು ಅಡಗುವವರೆಗೆ ನಡೆದು ನಿಲ್ಲಿ.

ಕೆಲಸ ಕೆಡುವುದು ಇಲ್ಲಿಂದಲೇ. ನವರಂಗದ ಎರಡು ಸ್ವರದ ಸಿಳ್ಳೆ ಕೇಳಿದೊಡನೆ ಎಲ್ಲರೂ ಅತ್ತ ನುಗ್ಗುತ್ತಾರೆ, ಸಿಳ್ಳೆ ನಿಲ್ಲುತ್ತದೆ. ನುಗ್ಗಬೇಡಿ. ಇಬ್ಬರು ದಾರಿಯಲ್ಲೇ ಇಪ್ಪತ್ತು ಹೆಜ್ಜೆ ಅಂತರದಲ್ಲಿ ನಿಂತು, ಕಿವಿಯ ಹಿಂದೆ ಅಂಗೈ ಬಟ್ಟಲು ಮಾಡಿ ಆಲಿಸಿ, ಸದ್ದು ಬಂದ ಕಡೆಗೆ ಕೈ ತೋರಿಸಿ. ಎರಡೂ ಕೈಗಳ ಗೆರೆ ಕೂಡುವಲ್ಲಿ ಹುಡುಕಬೇಕು. ಆದರೆ ನೆಲದಲ್ಲಲ್ಲ! ನೆಲದ ಹಕ್ಕಿ ಎಂದು ಓದಿದವರೆಲ್ಲ ತರಗೆಲೆ ನೋಡುತ್ತಾ ನಿಲ್ಲುತ್ತಾರೆ. ಕೂಗುವ ನವರಂಗ ಸಾಮಾನ್ಯವಾಗಿ ಕೊಂಬೆಯ ಮೇಲಿರುತ್ತದೆ, ಕತ್ತು ಹಿಂದಕ್ಕೆ ಚೆಲ್ಲಿ, ಕೊಕ್ಕು ಆಕಾಶಕ್ಕೆತ್ತಿ. ಬೆನ್ನಿನ ಹಸಿರು ಎಲೆಯಲ್ಲಿ ಕರಗಿಹೋಗುತ್ತದೆ. ಮೊಂಡು ಬಾಲದಡಿಯ ಕೆಂಪನ್ನು ಹುಡುಕಿ. ಕಂಡ ಮೇಲೆ ಕಣ್ಣು ಕೀಳದೆ, ದುರ್ಬೀನನ್ನೇ ಕಣ್ಣಿಗೆ ತನ್ನಿ.

ಕೂಗು ನಿಂತು ಹತ್ತು ನಿಮಿಷವಾದರೆ ಈಗ ನೆಲ ನೋಡಿ. ಕುಪ್ಪಳಿಸುವುದು, ಎಲೆ ಮಗುಚುವುದು, ನಿಂತು ಬಾಲ ಮೆಲ್ಲಗೆ ಮೇಲೆ ಕೆಳಗೆ ಆಡಿಸುವುದು, ಇಷ್ಟೇ ಸುಳಿವು. ಕಿತ್ತಳೆ ತಲೆಯ ನೆಲಸಿಳ್ಳಾರವೂ ಹೀಗೇ ಎಲೆ ಮಗುಚುತ್ತದೆ. ಅದರ ಬಿಳಿ ಕೆನ್ನೆಯಲ್ಲಿ ಎರಡು ಕಪ್ಪು ಗೆರೆ ಮೇಲಿಂದ ಕೆಳಗಿಳಿದಿರುತ್ತವೆ; ನವರಂಗದ ಕಪ್ಪು ಪಟ್ಟಿ ಕಣ್ಣಿನ ಮೂಲಕ ಅಡ್ಡಕ್ಕೆ ಹಾದಿದೆ. ಮೊಬೈಲ್ ಆ್ಯಪ್ ಕೂಗು ಕೇಳಿ ಹೆಸರು ಹೇಳಿತೆಂದು ಕಂಡ ಹಕ್ಕಿಗಳ ಪಟ್ಟಿಗೆ ಬರೆದುಕೊಳ್ಳಬೇಡಿ. ಬೇರೆ ಹಕ್ಕಿಗಳ ದನಿ ಅಣಕಿಸುವ ಭೀಮರಾಜ ಅದೇ ಕಾಡಿನಲ್ಲಿದೆ.

ರೆಕಾರ್ಡ್ ಮಾಡಿದ ಕೂಗು ಹಾಕಿ ಕರೆಯುವುದು ಹಲವರ ಅಡ್ಡದಾರಿ. ಇದು ಗೂಡು ಕಟ್ಟುವ ಕಾಲ. ಎದುರಾಳಿ ಬಂದನೆಂದು ಹಕ್ಕಿ ಇದ್ದ ಕೆಲಸ ಬಿಟ್ಟು ಬರುತ್ತದೆ. ಗುಂಪಿನಲ್ಲಿ ಯಾರಾದರೂ ಸ್ಪೀಕರ್ ತೆಗೆದರೆ ಒಳಗಿಡಿಸಿ. ಕೊಕ್ಕಿನಲ್ಲಿ ಒಣ ಎಲೆಯೋ ಎರೆಹುಳುವೋ ಕಚ್ಚಿಕೊಂಡು ಕದಲದೆ ನಿಂತಿದ್ದರೆ ಗೂಡು ಹತ್ತಿರದಲ್ಲಿದೆ, ನೀವು ಅಡ್ಡ ನಿಂತಿದ್ದೀರಿ. ಕಡ್ಡಿ, ಒಣ ಎಲೆಯ ಆ ದುಂಡು ಗೂಡು ನೆಲದಲ್ಲೇ ಇರಬಹುದು. ಕಾಲಡಿ ನೋಡಿಕೊಂಡು ಬಂದ ದಾರಿಯಲ್ಲೇ ಹಿಂದೆ ಸರಿಯಿರಿ.